ಮಾದರಿ ವಿಮಾನದಲ್ಲಿ 9×6 ಪ್ರಾಪ್ ತೆಗೆದು 10×7 ಹಾಕಿದ ಮೇಲೆ ಬ್ಯಾಟರಿ ಬೇಗ ಖಾಲಿಯಾಗುತ್ತಿದೆ, ಏಕೆ?

ಪ್ರಶ್ನೆ:
ಮೇಲ್ರೆಕ್ಕೆಯ ಟ್ರೈನರ್ (ಹಾರಿಸಲು ಕಲಿಯುವ ಮಾದರಿ ವಿಮಾನ), ತೂಕ 900 ಗ್ರಾಂ. 1000 ಕೆವಿ (ಹೊರೆಯಿಲ್ಲದಾಗ ಪ್ರತಿ ವೋಲ್ಟ್‌ಗೆ ಆರ್‌ಪಿಎಂ, ಅಂದರೆ ನಿಮಿಷದ ಸುತ್ತು) ಮೋಟಾರ್ (ಗರಿಷ್ಠ 18 ಆಂಪ್), 30 ಆಂಪ್ ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಕ), 3ಎಸ್ (ಮೂರು ಸೆಲ್) 2200 ಎಂಎಎಚ್ ಲಿಪೊ ಬ್ಯಾಟರಿ. ಫುಲ್ ಥ್ರಾಟಲ್‌ನಲ್ಲಿ 9×6 ಪ್ರಾಪ್‌ಗೆ (ಪ್ರೊಪೆಲ್ಲರ್; ವ್ಯಾಸ × ಪಿಚ್, ಇಂಚಿನಲ್ಲಿ) ವಾಟ್‌ಮೀಟರ್ 16 ಆಂಪ್ ತೋರಿಸುತ್ತಿತ್ತು, 10×7 ಹಾಕಿದರೆ 23. ಮೋಟಾರ್ ಮುಟ್ಟಲಾಗದಷ್ಟು ಬಿಸಿ. ದೊಡ್ಡ ಪ್ರಾಪ್ ಬ್ಯಾಟರಿ ಉಳಿಸುತ್ತದೆ ಅಂತಾರಲ್ಲ? ಇಎಸ್‌ಸಿ 30 ಆಂಪ್‌ದು ಇದೆಯಲ್ಲ, ಹೀಗೇ ಹಾರಿಸಬಹುದೇ?

ಉತ್ತರ 1:
ಬೇಡ, ಹಾರಿಸಬೇಡಿ. ಇಎಸ್‌ಸಿ ತಡೆದುಕೊಳ್ಳುತ್ತದೆ, ಮೋಟಾರ್ ತಡೆಯುವುದಿಲ್ಲ. ಸುರುಳಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ 16ರಿಂದ 23ಕ್ಕೆ ಹೋದಾಗ ಎರಡು ಪಟ್ಟು. ಅತಿಯಾಗಿ ಕಾದರೆ ಮ್ಯಾಗ್ನೆಟ್‌ಗಳು ಶಾಶ್ವತವಾಗಿ ದುರ್ಬಲವಾಗುತ್ತವೆ. ಆಗ ಕೆವಿ ಏರುತ್ತದೆ, ಅದೇ ಪ್ರಾಪ್‌ಗೆ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ.

ನೀವು ಬದಲಿಸಿದ್ದು ವ್ಯಾಸ ಒಂದನ್ನೇ ಅಲ್ಲ, ಪಿಚ್ (ಒಂದು ಸುತ್ತಿಗೆ ಪ್ರಾಪ್ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಕೂಡ ಏರಿಸಿದ್ದೀರಿ. ಪ್ರಾಪ್ ಬೇಡುವ ಶಕ್ತಿ ಸುಮಾರಾಗಿ ವ್ಯಾಸದ ನಾಲ್ಕನೇ ಘಾತ × ಪಿಚ್ × ಆರ್‌ಪಿಎಂನ ಘನಕ್ಕೆ ಅನುಪಾತದಲ್ಲಿರುತ್ತದೆ. ಆರ್‌ಪಿಎಂ ಅಷ್ಟೇ ಇದ್ದರೆ 9×6ಕ್ಕಿಂತ 10×7ಕ್ಕೆ 1.78 ಪಟ್ಟು ಶಕ್ತಿ ಬೇಕು. ಭಾರಕ್ಕೆ ಆರ್‌ಪಿಎಂ ಇಳಿದದ್ದರಿಂದ 23ಕ್ಕೆ ನಿಂತಿದೆ.

ಲಿಪೊದಲ್ಲಿ ಶೇ. 20 ಉಳಿಸಿದರೆ ಕೈಗೆ ಸಿಗುವುದು 1760 ಎಂಎಎಚ್. ಫುಲ್ ಥ್ರಾಟಲ್‌ನಲ್ಲಿ 16 ಆಂಪ್‌ಗೆ ಆರೂವರೆ ನಿಮಿಷ, 23ಕ್ಕೆ ನಾಲ್ಕೂವರೆ.

ಉತ್ತರ 2:
ದೊಡ್ಡ ಪ್ರಾಪ್ ಮಿತವ್ಯಯಿ ಅನ್ನುವುದು ಸುಳ್ಳಲ್ಲ, ಆದರೆ ಒಂದು ಷರತ್ತು ಇದೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳಿದರೆ ಅಷ್ಟೇ ಥ್ರಸ್ಟ್ (ಮುಂದೂಡುವ ಬಲ) ಕಡಿಮೆ ವಾಟ್‌ನಲ್ಲಿ ಸಿಗುತ್ತದೆ. ಹಾಗಾಗಿ ವ್ಯಾಸ ಏರಿಸಿದಾಗ ಪಿಚ್ ಅಥವಾ ಕೆವಿ ಇಳಿಸಬೇಕು, ಎರಡೂ ಇಳಿದರೆ ಇನ್ನೂ ಒಳ್ಳೆಯದು. 10 ಇಂಚೇ ಬೇಕಿದ್ದರೆ 850 ಕೆವಿ ಆಸುಪಾಸಿನ ಮೋಟಾರ್‌ಗೆ 10×5 ಹಾಕಿ. ಈಗಿರುವ ಮೋಟಾರ್‌ಗೆ 9×4.5 ಸಾಕು.

ಪಿಚ್ ಇಳಿಸಿದರೆ ವೇಗ ಸಾಲದೇ ಹೋದೀತೇ ಎಂದು ನೋಡಲು ಆರ್‌ಪಿಎಂ × ಪಿಚ್ (ಇಂಚಿನಲ್ಲಿ) × 0.0015 ಮಾಡಿ, ಗಂಟೆಗೆ ಕಿ.ಮೀ. ಬರುತ್ತದೆ. 9000 ಆರ್‌ಪಿಎಂನಲ್ಲಿ 9×4.5ಕ್ಕೆ 61. ಇದು ಸ್ಟಾಲ್ ವೇಗದ (ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ವೇಗ) ಎರಡೂವರೆ ಪಟ್ಟಾದರೂ ಇರಲಿ. ಗಂಟೆಗೆ 24 ಕಿ.ಮೀ.ಗೆ ಸ್ಟಾಲ್ ಆಗುವ ಟ್ರೈನರ್‌ಗೆ ತೊಂದರೆಯಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದ, 10×7 ಕಳಚಿದೆ. ಎಪಿಸಿ ಕಂಪನಿಯ 10×4.7 ಸ್ಲೋ ಫ್ಲೈಯರ್ ಪ್ರಾಪ್ ಒಂದು ಕೈಯಲ್ಲಿದೆ. ಪಿಚ್ ಕಡಿಮೆ ಇದೆಯಲ್ಲ, ಅದನ್ನು ಹಾಕಲೇ?

ಉತ್ತರ 3:
ಈ ಮೋಟಾರ್‌ಗೆ ಬೇಡವೇ ಬೇಡ. ಎಪಿಸಿ ಸ್ಲೋ ಫ್ಲೈಯರ್‌ನ ಮಿತಿ 65,000 ÷ ವ್ಯಾಸ, ಅಂದರೆ 10 ಇಂಚಿಗೆ 6500 ಆರ್‌ಪಿಎಂ. 1000 ಕೆವಿ, 3ಎಸ್‌ನಲ್ಲಿ ಅದು ಸುಲಭವಾಗಿ ದಾಟುತ್ತದೆ, ಅಲಗು ಮುರಿದು ಸಿಡಿಯಬಹುದು. ಅದೇ ಕಂಪನಿಯ ಥಿನ್ ಎಲೆಕ್ಟ್ರಿಕ್ ಬಗೆಗೆ ಮಿತಿ ಇದರ ಎರಡು ಪಟ್ಟಿಗೂ ಹೆಚ್ಚು. ಅಲ್ಲದೆ ಸ್ಲೋ ಫ್ಲೈಯರ್ ಅಲಗು ಅಗಲ, ಅಳತೆ ನೋಡಿ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತದೆ.

ಯಾವ ಪ್ರಾಪ್ ಹಾಕಿದರೂ ಮೊದಲು ನೆಲದ ಮೇಲೆ ಅಳೆಯಿರಿ. ವಿಮಾನವನ್ನು ಗಟ್ಟಿಯಾಗಿ ಕಟ್ಟಿ, ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ (12.6 ವೋಲ್ಟ್), ವಾಟ್‌ಮೀಟರ್ ಬ್ಯಾಟರಿಗೂ ಇಎಸ್‌ಸಿಗೂ ನಡುವೆ. ಪ್ರಾಪ್ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು. ಫುಲ್ ಥ್ರಾಟಲ್ ಹತ್ತು ಸೆಕೆಂಡ್ ಸಾಕು. ಅರ್ಧ ಚಾರ್ಜ್‌ನಲ್ಲಿ ಅಳೆದರೆ ಕಡಿಮೆ ಅಂಕಿ ಬಂದು ಮೋಸ ಹೋಗುತ್ತೀರಿ.

ಗಾಳಿಯಲ್ಲಿ ವೇಗ ಬಂದ ಮೇಲೆ ಪ್ರಾಪ್‌ನ ಹೊರೆ ಇಳಿದು ಸಾಮಾನ್ಯವಾಗಿ ಕರೆಂಟೂ ಇಳಿಯುತ್ತದೆ. ಅದನ್ನು ನಂಬಿ ಮಿತಿ ಮೀರಿದ ಪ್ರಾಪ್ ಹಾಕಬೇಡಿ, ಕಡಿದಾಗಿ ಏರುವಾಗ ವೇಗ ಕುಸಿದು ಮತ್ತೆ ಹೊರೆ ಬೀಳುತ್ತದೆ. ‘ಅರ್ಧ ಥ್ರಾಟಲ್‌ನಲ್ಲೇ ಹಾರಿಸುತ್ತೇನೆ’ ಅನ್ನುವುದೂ ಪರಿಹಾರವಲ್ಲ. ವಾಟ್‌ಮೀಟರ್ ತೋರಿಸುವುದು ಬ್ಯಾಟರಿ ಕಡೆಯ ಸರಾಸರಿ, ಮೋಟಾರ್ ತಂತಿಗಳಲ್ಲಿ ಕರೆಂಟ್ ಅದಕ್ಕಿಂತ ಹೆಚ್ಚಿರುತ್ತದೆ.

ಉತ್ತರ 1 ಬರೆದವರು:
ಇನ್ನೊಂದು ಮಾತು. ಮುಂದೆ 4ಎಸ್‌ಗೆ ಹೋಗುವ ಯೋಚನೆ ಇದ್ದರೆ ಪ್ರಾಪ್ ಹಾಗೇ ಬಿಡಬೇಡಿ. ವೋಲ್ಟೇಜ್ ಮೂರನೇ ಒಂದು ಭಾಗ ಏರಿದರೆ ಬೇಡುವ ಶಕ್ತಿ ಎರಡು ಪಟ್ಟು ದಾಟುತ್ತದೆ. 8 ಇಂಚಿಗೆ ಇಳಿಸಿ, ಮತ್ತೆ ಅಳೆಯಿರಿ.