ಮೋಲ್ಡ್‌ಗೆ ಸಿಮೆಂಟ್ ಕಮ್ಮಿ ಮಾಡಿ ಫ್ಲೈ ಆಶ್ ಹಾಕಬಹುದಾ?

ಪ್ರಶ್ನೆ: ಸರ್ ನಮಸ್ತೆ, ನಮ್ದು ಹೊಸಪೇಟೆ ಹತ್ರ. ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ಕಟ್ತಾ ಇದೀವಿ, ಮುಂದಿನ ವಾರ ಮೋಲ್ಡ್ (ಛಾವಣಿ ಕಾಂಕ್ರೀಟ್). ಮೇಸ್ತ್ರಿ ಹೇಳ್ತಾರೆ ಒಂದು ಟಿಪ್ಪರ್ ಫ್ಲೈ ಆಶ್ (ಕಲ್ಲಿದ್ದಲು ಸುಡೋ ವಿದ್ಯುತ್ ಸ್ಥಾವರದ ಬೂದಿ) ತರಿಸೋಣ, ಐದು ಮೂಟೆ ಸಿಮೆಂಟ್ ಹಾಕೋ ಕಡೆ ನಾಲ್ಕು ಹಾಕಿ ಒಂದು ಮೂಟೆಯಷ್ಟು ಬೂದಿ ಸೇರಿಸಿದ್ರೆ ಸಾಕು, ದೊಡ್ಡ ಬಿಲ್ಡಿಂಗ್‌ಗೇ ಹಾಕ್ತಾರೆ ಅಂತ. ನಮ್ಮ ಮಾವ ಅದನ್ನ ಕೇಳಿ ಉರ್ಕೊಂಡು ಕೂತಿದಾರೆ. ಯಾರ ಮಾತು ಕೇಳ್ಲಿ? ಹಳೇ ಇಟ್ಟಿಗೆ, ಕಾಂಕ್ರೀಟ್ ರಾಶಿನೂ ಬಿದ್ದಿದೆ, ಪುಡಿ ಮಾಡಿ ಸೇರಿಸಬಹುದಾ?

ಉತ್ತರ (ಸ್ಟ್ರಕ್ಚರಲ್ ಇಂಜಿನಿಯರ್): ಮೇಸ್ತ್ರಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದ್ರೆ ಮೊದ್ಲು ಮೂಟೆ ಮೇಲೆ ಏನು ಪ್ರಿಂಟ್ ಆಗಿದೆ ನೋಡಿ. ಪಿಪಿಸಿ (ಫ್ಯಾಕ್ಟರಿಲೇ ಬೂದಿ ಬೆರೆಸಿದ ಸಿಮೆಂಟ್) ಅಂತಿದ್ರೆ ಅದ್ರಲ್ಲಿ ಆಗ್ಲೇ 15ರಿಂದ 35 ಪರ್ಸೆಂಟ್ ಫ್ಲೈ ಆಶ್ ಇರುತ್ತೆ. 30 ಅಂತ ಇಟ್ಕೊಳ್ಳಿ, ಅದ್ರ 40 ಕೆಜಿಗೆ ನೀವು ಇನ್ನೂ 10 ಕೆಜಿ ಬೂದಿ ಸುರಿದ್ರೆ 50 ಕೆಜಿಲಿ 22 ಕೆಜಿ ಬೂದಿನೇ ಆಯ್ತು, ಅಂದ್ರೆ 44 ಪರ್ಸೆಂಟ್, ಇದು ಯಾವ ಲೆಕ್ಕಕ್ಕೂ ಬರಲ್ಲ. ದೊಡ್ಡ ಬಿಲ್ಡಿಂಗ್‌ನಲ್ಲಿ ಬೆರೆಸೋದು ಓಪಿಸಿ (ಬೂದಿ ಬೆರೆಸದ ಸಾದಾ ಸಿಮೆಂಟ್) ಜೊತೆ, ಆರ್‌ಎಂಸಿ (ರೆಡಿ ಮಿಕ್ಸ್ ಕಾಂಕ್ರೀಟ್) ಪ್ಲಾಂಟ್‌ನಲ್ಲಿ ತೂಕ ಮಾಡಿ, ಕ್ಯೂಬ್ ಟೆಸ್ಟ್ (ಕಾಂಕ್ರೀಟ್ ಅಚ್ಚು ಒತ್ತಿ ಒಡೆದು ಬಲ ನೋಡೋದು) ಮಾಡಿ. ಬಾಂಡ್ಲಿ ಲೆಕ್ಕದಲ್ಲಿ ಅಲ್ಲ.

ಇನ್ನೊಂದು, ಟಿಪ್ಪರ್‌ನಲ್ಲಿ ಒದ್ದೆಯಾಗಿ ಬರೋದು ಹೆಚ್ಚಾಗಿ ಕೆರೆ ಥರ ಹೊಂಡದಿಂದ ತೆಗೆದ ಬೂದಿ, ಅದು ಇಟ್ಟಿಗೆಗೆ, ಫಿಲ್ಲಿಂಗ್‌ಗೆ ಸರಿ. ನಮಗೆ ಬೇಕಾಗಿರೋದು ಚಿಮಣಿಗೆ ಹೋಗೋ ಹೊಗೆಯಿಂದ ಹಿಡಿದ ಒಣ ಬೂದಿ, ಬೆರಳಲ್ಲಿ ಉಜ್ಜಿದ್ರೆ ಟಾಲ್ಕಮ್ ಪೌಡರ್ ಥರ ಜಾರುತ್ತೆ, ಮುಚ್ಚಿದ ಟ್ಯಾಂಕರ್‌ನಲ್ಲಿ ಬರುತ್ತೆ.

ಮಾವನವರಿಗೂ ಹೇಳಿ, ಬೂದಿ ಅಂದ್ರೆ ಕಲಬೆರಕೆ ಅಲ್ಲ. ಸಿಮೆಂಟ್ ನೀರು ಸೇರಿದಾಗ ಸುಣ್ಣ ಬಿಡುತ್ತೆ, ಬೂದಿ ಆ ಸುಣ್ಣದ ಜೊತೆ ಸೇರಿ ನಿಧಾನಕ್ಕೆ ಗಟ್ಟಿ ಆಗುತ್ತೆ. ಕೆಆರ್‌ಎಸ್ ಕಟ್ಟಿದ್ದೇ ಸುಣ್ಣ ಸುರ್ಕಿ ಗಾರೆಲಿ, ಸುರ್ಕಿ ಅಂದ್ರೆ ಇಟ್ಟಿಗೆ ಪುಡಿ ತಾನೇ. ಹಾಗಂತ ನಿಮ್ಮ ಹಳೇ ಇಟ್ಟಿಗೆನ ಮನೇಲಿ ಕುಟ್ಟಿ ಹಾಕ್ಬೇಡಿ, ಸಿಮೆಂಟ್‌ನಷ್ಟೇ ನುಣ್ಣಗೆ ಆಗ್ಬೇಕು, ಗಾರೆ ಮಣ್ಣು ಅಂಟಿರಬಾರ್ದು, ಅದು ನಿಮ್ಮ ಕೈಲಿ ಆಗಲ್ಲ. ಹಳೇ ಕಾಂಕ್ರೀಟ್ ಪುಡಿನೂ ಸಿಮೆಂಟ್ ಬದ್ಲು ಬರಲ್ಲ, ಜಲ್ಲಿ ಬದ್ಲು ಬರುತ್ತೆ ಅಷ್ಟೇ, ಅದೂ ಕ್ರಷರ್‌ನಲ್ಲಿ ಒಡೆಸಿ ಸೋಸಿದ್ರೆ. ಸದ್ಯಕ್ಕೆ ನೆಲದ ಕೆಳಗೆ ಫಿಲ್ಲಿಂಗ್‌ಗೆ ಹಾಕಿ ಮುಗ್ಸಿ.

ಪ್ರಶ್ನೆ: ಪಿಪಿಸಿನೇ ಸರ್, ನೋಡ್ದೆ. ಹಾಗಾದ್ರೆ ಬೂದಿ ಬೇಡ. ನಮ್ಮೂರ ಕಡೆ ಸ್ಲ್ಯಾಗ್ ಸಿಮೆಂಟ್ ಸ್ವಲ್ಪ ಕಮ್ಮಿಗೆ ಸಿಗುತ್ತೆ, ಅದು ಹೆಂಗೆ?

ಉತ್ತರ: ಧಾರಾಳವಾಗಿ. ಪಕ್ಕದಲ್ಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಲಿ ಕಬ್ಬಿಣ ಕರಗಿಸಿದಾಗ ಮೇಲೆ ತೇಲೋ ಕಿಟ್ಟಕ್ಕೆ (ಅದೇ ಸ್ಲ್ಯಾಗ್) ನೀರು ಹೊಡೆದು ಥಟ್ ಅಂತ ತಣ್ಣಗೆ ಮಾಡ್ತಾರೆ, ಸಕ್ಕರೆ ಥರ ಹರಳಾಗುತ್ತೆ, ಅದನ್ನ ಅರೆದು 25ರಿಂದ 70 ಪರ್ಸೆಂಟ್ ತನಕ ಸೇರಿಸೋಕೆ ಅವಕಾಶ ಇದೆ. ಆದ್ರೆ ಪಿಪಿಸಿ ಇರ್ಲಿ ಸ್ಲ್ಯಾಗ್ ಇರ್ಲಿ, ಎರಡೂ ಮೊದಲ ವಾರ ನಿಧಾನ. ನೀರು ಹಾಕೋದು 10 ದಿನಕ್ಕೆ ಕಮ್ಮಿ ಬೇಡ, ನಿಮ್ಮ ಬಿಸಿಲಿಗೆ 14 ದಿನ ಮಡಿ ಕಟ್ಟಿ ನಿಲ್ಸಿ.

ಪ್ರಶ್ನೆ: ಮೇಸ್ತ್ರಿ ಏಳನೇ ದಿನಕ್ಕೆ ಸೆಂಟ್ರಿಂಗ್ (ಮೋಲ್ಡ್ ಕೆಳಗಿನ ಆಸರೆ) ಬಿಚ್ತೀನಿ ಅಂತಾರೆ, ಬಾಡಿಗೆ ಶೀಟು ವಾಪಸ್ ಕೊಡ್ಬೇಕಂತೆ.

ಉತ್ತರ: ಆ ಏಳು ದಿನ ಓಪಿಸಿಗೆ, ಅದೂ ಹದಿನೈದು ಅಡಿ ಒಳಗಿನ ಸ್ಲ್ಯಾಬ್‌ಗೆ. ಬೂದಿ ಹಾಕಿ ಉಳಿಸ್ಬೇಕು ಅಂದ್ಕೊಂಡಿದ್ದ ದುಡ್ಡಲ್ಲಿ ಇನ್ನೊಂದು ವಾರದ ಬಾಡಿಗೆ ಕೊಟ್ಬಿಡಿ.