ಯುಎಕ್ಸ್ ಕಲಿಯುವವರ ಪ್ರಶ್ನೆಗಳು: ಬಳಕೆದಾರರ ಹತ್ತಿರ ಏನು ಕೇಳಬೇಕು, ಹೇಗೆ ಕೇಳಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾಲ್ಕು ವರ್ಷದಿಂದ ಗ್ರಾಫಿಕ್ ಡಿಸೈನ್ ಮಾಡುತ್ತಿದ್ದೇನೆ. ಈಗ ಯುಎಕ್ಸ್ ಕಡೆ ಬರುವ ಆಸೆ. ಎಲ್ಲರೂ ಯುಐ, ಯುಎಕ್ಸ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಿಜಕ್ಕೂ ವ್ಯತ್ಯಾಸ ಏನು?

ಉತ್ತರ: ನಮಸ್ಕಾರ. ಯುಐ (ಯೂಸರ್ ಇಂಟರ್‌ಫೇಸ್) ಅಂದರೆ ಪರದೆ ಮೇಲೆ ಕಾಣುವುದು, ಕೈಗೆ ಸಿಗುವುದು. ಬಟನ್, ಅಕ್ಷರ, ಬಣ್ಣ, ಮೆನು. ಯುಎಕ್ಸ್, ಅಂದರೆ ಯೂಸರ್ ಎಕ್ಸ್‌ಪೀರಿಯನ್ಸ್ (ಬಳಕೆದಾರರ ಅನುಭವ), ಅದಕ್ಕಿಂತ ದೊಡ್ಡದು. ಒಬ್ಬರು ಒಂದು ಕೆಲಸಕ್ಕೆ ಕೈ ಹಾಕಿದಾಗಿನಿಂದ ಅದು ಮುಗಿಯುವ ತನಕ ಅವರಿಗೆ ಆಗುವ ಅನುಭವ ಪೂರ್ತಿ ಅದರಲ್ಲಿ ಬರುತ್ತದೆ. ಪರದೆ ಎಷ್ಟೇ ಚೆಂದ ಇರಲಿ, ಒಟಿಪಿ ಬರುವಷ್ಟರಲ್ಲಿ ಸಮಯ ಮುಗಿದುಹೋದರೆ ಅನುಭವ ಕೆಟ್ಟ ಹಾಗೆಯೇ.

ಯೂಸರ್ ಎಕ್ಸ್‌ಪೀರಿಯನ್ಸ್ ಅನ್ನುವ ಹೆಸರನ್ನು ಚಾಲ್ತಿಗೆ ತಂದವರು ಅಮೆರಿಕದ ವಿನ್ಯಾಸ ತಜ್ಞ ಡಾನ್ ನಾರ್ಮನ್. ಅವರು 1993ರಲ್ಲಿ ಆಪಲ್ ಸೇರಿದರು. ಅಲ್ಲಿ ತಮ್ಮ ಹುದ್ದೆಯನ್ನು 'ಯೂಸರ್ ಎಕ್ಸ್‌ಪೀರಿಯನ್ಸ್ ಆರ್ಕಿಟೆಕ್ಟ್' ಎಂದು ಕರೆದುಕೊಂಡರು. ಪರದೆಯ ಜೊತೆಗೆ ಹೊಸ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚುವುದು, ಕೈಪಿಡಿ ಓದುವುದು ಕೂಡ ಸೇರಬೇಕು ಅನ್ನುವುದು ಅವರ ಆಲೋಚನೆ.

ನಿಮ್ಮ ಗ್ರಾಫಿಕ್ ಅನುಭವ ಇಲ್ಲಿ ವ್ಯರ್ಥ ಆಗುವುದಿಲ್ಲ. ಆದರೆ ಹೊಸದಾಗಿ ಕಲಿಯಬೇಕಾದದ್ದು ಒಂದಿದೆ. ಜನರ ಮುಂದೆ ಕೂತು ಕೇಳಿಸಿಕೊಳ್ಳುವುದು.

ಪ್ರಶ್ನೆ: ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ ಮೇಡಂ. ಕೋರ್ಸ್‌ನ ಪ್ರಾಜೆಕ್ಟ್‌ಗಾಗಿ, ಮಾತ್ರೆ ತೆಗೆದುಕೊಳ್ಳುವವರಿಗೆ ಮಾಡುವ ಒಂದು ಆ್ಯಪ್ ಬಗ್ಗೆ ಐದು ಜನರನ್ನು ಇಂಟರ್‌ವ್ಯೂ ಮಾಡಿದೆ. "ಈ ಆ್ಯಪ್ ಇಷ್ಟ ಆಯ್ತಾ?", "ಏನಾದರೂ ಕಷ್ಟ ಇದೆಯಾ?", "ರಿಮೈಂಡರ್ ಕೊಟ್ಟರೆ ಬಳಸ್ತೀರಾ?" ಎಂದು ಕೇಳಿದೆ. ಐದೂ ಜನ ಚೆನ್ನಾಗಿದೆ, ಬಳಸ್ತೀವಿ ಅಂದರು. ಕೈಗೆ ಏನೂ ಸಿಗಲಿಲ್ಲ.

ಉತ್ತರ: ಅವರು ನಿಮ್ಮ ಮನಸ್ಸು ನೋಯಿಸಬಾರದು ಅಂತ ಹಾಗೆ ಹೇಳಿದ್ದಾರೆ, ಅಷ್ಟೇ. "ಬಳಸ್ತೀರಾ?" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ನಾಳೆಯ ಮಾತು ಅವರಿಗೂ ಊಹೆಯೇ ಅಲ್ವಾ? ನಿನ್ನೆ ಏನು ಮಾಡಿದರು ಅನ್ನುವುದು ಮಾತ್ರ ಅವರಿಗೆ ಗೊತ್ತು. ಅದನ್ನು ಕೇಳಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ರಕ್ತ ಪರೀಕ್ಷೆಯ ವರದಿ ನೋಡುವ ಒಂದು ಆ್ಯಪ್. ಎದುರಿಗೆ ಅರವತ್ತು ದಾಟಿದ ಒಬ್ಬರು ಅಮ್ಮ. ಕಷ್ಟ ಏನಾದರೂ ಇದೆಯಾ ಅಂತ ನಾನೂ ನಿಮ್ಮ ಹಾಗೇ ಕೇಳಿದೆ. "ಇಲ್ಲಮ್ಮ, ಚೆನ್ನಾಗೇ ಇದೆ" ಅಂದರು. ಆಮೇಲೆ, "ಕೊನೆಯ ಸಲ ವರದಿ ನೋಡಿದ್ದು ಯಾವಾಗ? ಅವತ್ತು ಮಾಡಿದ ಹಾಗೇ ಒಂದು ಸಲ ತೋರಿಸ್ತೀರಾ?" ಎಂದೆ. ಅವರು ಫೋನ್ ಆನ್ ಮಾಡಲಿಲ್ಲ. ಮೊದಲು ಅದರ ಕವರ್ ಬಿಚ್ಚಿದರು. ಒಳಗಿಂದ ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದರು. ಮಡಿಸಿ ಮಡಿಸಿ ಅಂಚು ಸವೆದಿತ್ತು. ಪೆನ್ಸಿಲ್‌ನಲ್ಲಿ ಬರೆದಿದ್ದರು: "ಮೂರು ಗೆರೆ. ಕೆಳಗಿಂದ ಎರಡನೇದು. ಬಾಣದ ಗುರುತು ಒತ್ತಬಾರದು."

ಬಾಣ ಯಾಕೆ ಒತ್ತಬಾರದು ಅಂತ ಕೇಳಿದೆ. ಒತ್ತಿದರೆ ಎಲ್ಲಾ ಹೋಗಿಬಿಡುತ್ತೆ, ಮತ್ತೆ ಪಾಸ್‌ವರ್ಡ್ ಕೇಳುತ್ತೆ ಅಂದರು. ಹಿಂದಕ್ಕೆ ಹೋಗುವ ಬಟನ್ ಒತ್ತಿದರೆ ಲಾಗ್‌ಔಟ್ ಆಗುತ್ತಿತ್ತು. ನಮ್ಮ ತಂಡದಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಅದು ಕಷ್ಟವೇ ಅಲ್ಲ. ಅದಕ್ಕೆ ಚೀಟಿ ಬರೆದಿಟ್ಟುಕೊಂಡು ದಾರಿ ಮಾಡಿಕೊಂಡಿದ್ದರು. ಆ ಚೀಟಿ ಈಗಲೂ ನನ್ನ ಕಣ್ಣ ಮುಂದಿದೆ. ಅದಾದ ಮೇಲೆ ಯಾರ ಎದುರು ಕೂತರೂ, ಇವರ ಚೀಟಿ ಎಲ್ಲಿದೆ ಅಂತ ಹುಡುಕುತ್ತೇನೆ.

ಹೀಗೆ ನಿರ್ದಿಷ್ಟ ಘಟನೆ ಹಿಡಿದು ಕೇಳುವುದು ಹಳೆಯ ಪದ್ಧತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ ಇದರ ಬಗ್ಗೆ 1954ರಲ್ಲೇ ವಿವರವಾಗಿ ಬರೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೈಲಟ್‌ಗಳ ಮೇಲೆ ನಡೆದ ಅಧ್ಯಯನಗಳಿಂದ ಅದು ಬೆಳೆದು ಬಂತು. ಪೈಲಟ್ ಹೇಗಿರಬೇಕು ಅಂತ ಅಭಿಪ್ರಾಯ ಕೇಳಿದರೆ ಸಾಲದು, ಅವತ್ತು ಆಕಾಶದಲ್ಲಿ ಏನಾಯಿತು ಅನ್ನುವುದು ಬೇಕು.

ಪ್ರಶ್ನೆ (ಇನ್ನೊಬ್ಬರು): ನಾನು ಕೇಳಿದರೆ ಒಂದೇ ಪದದ ಉತ್ತರ ಬರುತ್ತದೆ ಮೇಡಂ. "ಹೂಂ", "ಸರಿ ಇದೆ" ಅಂತ. ಸುಮ್ನೆ ಕೂತರೆ ಮುಜುಗರ ಆಗಿ ನಾನೇ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇನೆ.

ಉತ್ತರ: ಆ ಮುಜುಗರವನ್ನು ಸ್ವಲ್ಪ ತಡೆದುಕೊಳ್ಳಿ. ಅವರು ಮಾತು ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ ಐದರ ತನಕ ಎಣಿಸಿ. ಎಷ್ಟೋ ಸಲ ಮೂರಕ್ಕೇ ಅವರು ಮತ್ತೆ ಶುರು ಮಾಡುತ್ತಾರೆ, ಅಸಲಿ ವಿಷಯ ಆಗ ಬರುತ್ತದೆ. ಆಗದಿದ್ದರೆ ಅವರದೇ ಕೊನೆಯ ಮಾತನ್ನು ತಿರುಗಿಸಿ ಕೇಳಿ. "ಸರಿ ಇದೆ" ಅಂದರೆ "ಸರಿ ಇದೆ ಅಂದರೆ?" ಅಷ್ಟು ಸಾಕು. ಉತ್ತರವನ್ನು ಅವರ ಬಾಯಿಗೆ ನೀವೇ ಹಾಕಬೇಡಿ. ಶುರುವಿನಲ್ಲೇ ಒಂದು ಮಾತು ಹೇಳಿಬಿಡಿ: "ಪರೀಕ್ಷೆ ನಿಮ್ಮದಲ್ಲ, ಆ್ಯಪ್‌ನದು. ಬೈದರೂ ಬೇಜಾರಿಲ್ಲ."

ಪ್ರಶ್ನೆ: ಎಷ್ಟು ಜನರನ್ನು ಮಾತಾಡಿಸಿದರೆ ಸಾಕು? ಐದು ಜನ ಸಾಕು ಅಂತ ಎಲ್ಲಾ ಕಡೆ ಓದಿದ್ದೇನೆ.

ಉತ್ತರ: ಆ ಐದು ಬೇರೆ ಕೆಲಸದ ಲೆಕ್ಕ. ಯಾಕೋಬ್ ನೀಲ್ಸನ್ ಮತ್ತು ಟಾಮ್ ಲ್ಯಾಂಡವರ್ ಎಂಬ ಸಂಶೋಧಕರು ಕಟ್ಟಿದ ಲೆಕ್ಕದಲ್ಲಿ, ಒಬ್ಬರನ್ನು ಕೂರಿಸಿ ಆ್ಯಪ್ ಬಳಸಲು ಬಿಟ್ಟರೆ ಅದರ ತೊಂದರೆಗಳಲ್ಲಿ ಸರಾಸರಿ ಶೇ. 31ರಷ್ಟು ಸಿಗುತ್ತವೆ. ಐದು ಜನಕ್ಕೆ ಸುಮಾರು ಶೇ. 85. ಅದು ಬಳಕೆಯ ಪರೀಕ್ಷೆಗೆ ಹೇಳಿದ್ದು. ಜನರ ಬದುಕು, ಅಭ್ಯಾಸ ತಿಳಿಯುವ ಇಂಟರ್‌ವ್ಯೂಗೆ ಅದನ್ನು ಹಾಗೇ ಎತ್ತಿಕೊಂಡು ಬರಬೇಡಿ. ನಾನು ಒಂದು ಬಗೆಯ ಬಳಕೆದಾರರಲ್ಲಿ ಆರೇಳು ಜನರಿಂದ ಶುರು ಮಾಡುತ್ತೇನೆ. ಹೊಸ ಸಂಗತಿ ಬರುವುದು ನಿಂತಾಗ ನಿಲ್ಲಿಸುತ್ತೇನೆ. ರೋಗಿಗಳು ಬೇರೆ, ಲ್ಯಾಬ್ ಸಿಬ್ಬಂದಿ ಬೇರೆ. ಎರಡನ್ನೂ ಕೂಡಿಸಿ ಎಣಿಸಬಾರದು.

ಗೆಳೆಯರು, ಸಹೋದ್ಯೋಗಿಗಳನ್ನು ಕೇಳಬಹುದಾ ಅಂತ ಮೆಸೇಜ್‌ನಲ್ಲಿ ಒಬ್ಬರು ಕೇಳಿದ್ದರು. ಅಭ್ಯಾಸಕ್ಕೆ ಸರಿ. ನಿಜವಾದ ಕೆಲಸಕ್ಕೆ ಬೇಡ. ರೆಕಾರ್ಡ್ ಮಾಡುವುದಾದರೆ ಮೊದಲೇ ಒಪ್ಪಿಗೆ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ.

ಪ್ರಶ್ನೆ (ಮತ್ತೊಬ್ಬರು): ನಮ್ಮ ಆ್ಯಪ್‌ನಲ್ಲಿ ಎಲ್ಲಾ ಸೂಚನೆ ಬರೆದಿದ್ದೇವೆ. ಜನ ಓದುವುದೇ ಇಲ್ಲ, ತಪ್ಪು ಒತ್ತುತ್ತಾರೆ. ಇದಕ್ಕೆ ಇಂಟರ್‌ವ್ಯೂ ಮಾಡಿ ಏನು ಪ್ರಯೋಜನ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅಪಘಾತ ಆಯಿತು. ಒಂದು ವಾಲ್ವ್ ತೆರೆದೇ ಉಳಿದಿತ್ತು. ಕಂಟ್ರೋಲ್ ರೂಮ್‌ನ ದೀಪ ಮಾತ್ರ ಆರಿತ್ತು. ವಾಲ್ವ್ ಮುಚ್ಚಿದೆ ಎಂದು ಆಪರೇಟರ್‌ಗಳು ನಂಬಿದರು. ಆದರೆ ಆ ದೀಪ ತೋರಿಸುತ್ತಿದ್ದದ್ದು ವಾಲ್ವ್‌ನ ಸ್ಥಿತಿಯನ್ನಲ್ಲ. ಮುಚ್ಚು ಅನ್ನುವ ಆದೇಶ ಹೋಗಿದೆ ಅನ್ನುವುದನ್ನು ಮಾತ್ರ. ಆ ಕಂಟ್ರೋಲ್ ರೂಮ್ ನೋಡಲು ಕರೆಸಿದವರಲ್ಲಿ ಮೇಲೆ ಹೇಳಿದ ನಾರ್ಮನ್ ಕೂಡ ಇದ್ದರು. ತರಬೇತಿ ಪಡೆದವರಿಗೇ ಹೀಗಾದರೆ, ಅವಸರದಲ್ಲಿ ಫೋನ್ ಹಿಡಿದವರನ್ನು ದೂರುವುದು ಹೇಗೆ?

ಯಾರು ತಪ್ಪು ಒತ್ತಿದರೋ ಅವರನ್ನೇ ಕೇಳಿ: "ಒತ್ತುವಾಗ ಏನಾಗುತ್ತೆ ಅಂದುಕೊಂಡಿದ್ರಿ?" ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ, ಬಟನ್‌ಗೆ ಏನು ಹೆಸರಿಡಬೇಕು ಅನ್ನುವುದು ಕೂಡ ಸಿಗುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ಮೇಡಂ, ಪ್ರಶ್ನೆಗಳನ್ನು ತಿದ್ದಿದ್ದೇನೆ. ನಾಳೆ ಮತ್ತೆ ಇಬ್ಬರನ್ನು ಭೇಟಿ ಮಾಡುತ್ತೇನೆ. ಮೊದಲನೇದು ಹೀಗಿದೆ: "ಕಳೆದ ಸಲ ಮಾತ್ರೆ ತೆಗೆದುಕೊಳ್ಳಲು ಮರೆತಾಗ ನಿಮಗೆ ಎಷ್ಟು ಕಷ್ಟ ಆಯಿತು, ಹೇಳ್ತೀರಾ?" ಸರಿ ಇದೆಯಾ?

ಉತ್ತರ: ತುಂಬಾ ಸುಧಾರಿಸಿದೆ. "ಎಷ್ಟು ಕಷ್ಟ ಆಯಿತು" ತೆಗೆದುಬಿಡಿ. ಕಷ್ಟ ಆಗಿದೆ ಅಂತ ನೀವೇ ತೀರ್ಮಾನಿಸಿದ ಹಾಗಾಗುತ್ತದೆ. "ಕಳೆದ ಸಲ ಮಾತ್ರೆ ಮರೆತ ದಿನ ಏನೇನಾಯಿತು, ಬೆಳಿಗ್ಗೆಯಿಂದ ಹೇಳ್ತೀರಾ?" ಅಂತ ಕೇಳಿ. ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. ಮಾತ್ರೆ ಇಡುವ ಜಾಗವನ್ನೂ ತೋರಿಸಲು ಹೇಳಿ. ನಾಳೆ ಸಂಜೆ ಏನು ಸಿಕ್ಕಿತು ಅಂತ ಇಲ್ಲೇ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.