ಅಪ್‌ಡೇಟ್: ರೂಮಿನಿಂದಲೇ ಪೂರ್ತಿ ಲೇಖನ ತೆರೆಯಿತು

ಮೊನ್ನೆ ಕೇಳಿದ್ದೆ ಅಲ್ವಾ, ಧಾರವಾಡ ಸಪ್ತಾಪುರದ ರೂಮಿನಲ್ಲಿ ಜರ್ನಲ್ ತೆರೆದರೆ ಬರೀ ಸಾರಾಂಶ ಬರುತ್ತೆ, ಪಿಡಿಎಫ್ ಒತ್ತಿದರೆ ಡಾಲರ್ ಕೇಳುತ್ತೆ ಅಂತ. ಕಾಲೇಜಿನ ವೈಫೈನಲ್ಲಿ ಮಾತ್ರ ಸರಿ ಇತ್ತು.

ಕೆಲಸ ಮಾಡಿದ್ದು ಇನ್‌ಫೆಡ್ (ಕಾಲೇಜಿನ ಹೊರಗಿದ್ದರೂ ಕಾಲೇಜಿನ ಹೆಸರಲ್ಲಿ ಜರ್ನಲ್ ತೆರೆಯುವ ಲಾಗಿನ್ ವ್ಯವಸ್ಥೆ) ಸಲಹೆ. ಹೇಳಿದವರಿಗೆ ಪೇಡೆ ಬಾಕಿ ಇದೆ! ಪ್ರಕಾಶಕರ ಸೈಟ್ ಕಾಲೇಜಿನ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ನೋಡಿ ಒಳಗೆ ಬಿಡುತ್ತೆ. ಹೊರಗಿದ್ದರೆ ನಾವು ದಾರಿಹೋಕರು. ಲೈಬ್ರರಿಯಲ್ಲಿ ನಮ್ಮ ಹೆಸರಿಗೆ ಇನ್‌ಫೆಡ್ ಖಾತೆ ಮಾಡಿಸಬೇಕು. ಆಮೇಲೆ ಜರ್ನಲ್ ಪುಟದಲ್ಲಿ ಸಂಸ್ಥೆಯ ಲಾಗಿನ್ ಒತ್ತಿ, ಕಾಲೇಜಿನ ಹೆಸರು ಆರಿಸಿ, ಆ ಖಾತೆಯಿಂದ ಲಾಗಿನ್ ಆದರೆ ಆಯ್ತು. 2025ರ ಜನವರಿ 1ರಿಂದ ಸರ್ಕಾರಿ ಸಂಸ್ಥೆಗಳಿಗೆ ಶುರುವಾದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ (ಕೇಂದ್ರ ಸರ್ಕಾರವೇ ಒಟ್ಟಾಗಿ ಚಂದಾ ಕಟ್ಟುವ ಯೋಜನೆ) ಇದೆಯಲ್ಲ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳದ್ದು, ಅದಕ್ಕೂ ಇನ್‌ಫೆಡ್ ನಡೆಯುತ್ತೆ.

ಕುಕೀಸ್ ಅಳಿಸಿದ್ದು, ಬ್ರೌಸರ್ ಬದಲಿಸಿದ್ದು ಸುಮ್ನೆ ಟೈಮ್ ವೇಸ್ಟ್. ಫ್ರೀ ವಿಪಿಎನ್ ಕೂಡ ಅಷ್ಟೇ. ಅದು ಯಾವುದೋ ದೇಶದ ಐಪಿ ಕೊಡುತ್ತೆ, ಕಾಲೇಜಿನದ್ದಲ್ಲ.

ಆದರೆ ಲಾಗಿನ್ ಆದ ಮೇಲೂ ಹಲವು ಪ್ರಕಾಶಕರ ಜರ್ನಲ್ ಒಟ್ಟಿಗಿರುವ ಒಂದು ಡೇಟಾಬೇಸ್‌ನಲ್ಲಿ ಈ ವರ್ಷದ ಲೇಖನಗಳು ತೆರೆಯಲಿಲ್ಲ. ಲೈಬ್ರರಿಯ ಅಕ್ಕಾವ್ರು ಕಾರಣ ಹೇಳಿದರು. ಹೊಸ ಸಂಚಿಕೆಗಳ ಪೂರ್ತಿ ಪಠ್ಯವನ್ನು ಕೆಲವು ಪ್ರಕಾಶಕರೇ ಇಂಥ ಡೇಟಾಬೇಸ್‌ಗೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕೊಡದೆ ತಡೆದಿಡುತ್ತಾರಂತೆ. ಡೇಟಾಬೇಸ್‌ಗೆ ದುಡ್ಡು ಕಟ್ಟಿದ ಲೈಬ್ರರಿಗೂ ಇಲ್ಲ, ನೋಡಿ! ಅಂಥದ್ದಕ್ಕೆ ಬ್ರೌಸರ್‌ಗೆ ಅನ್‌ಪೇವಾಲ್ ಎಕ್ಸ್‌ಟೆನ್ಷನ್ ಹಾಕಿಕೊಂಡೆ. ಲೇಖಕರು ಉಚಿತವಾಗಿ ಇಟ್ಟ ಪ್ರತಿ ಎಲ್ಲಾದರೂ ಇದ್ದರೆ ಹುಡುಕಿ ಕೊಡುತ್ತೆ. ಎಲ್ಲವೂ ಸಿಗಲ್ಲ, ಒಂದಷ್ಟು ಸಿಕ್ಕವು. ಪಿಎಚ್‌ಡಿ ಪ್ರಬಂಧ ಬೇಕಿದ್ದವರು ನೇರ ಶೋಧಗಂಗಾಕ್ಕೆ (ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಸಂಗ್ರಹ) ಹೋಗಿ, ಲಾಗಿನ್ ಕೂಡ ಬೇಡ.